ಮುಗ್ಗಟ್ಟಿಗೆ ಜಗ್ಗದ ಕೆಲಸ ಯಾವುದು?

ಕಳೆದ ವಾರ ನಮ್ಮ ಕಚೇರಿಗೆ ಒಬ್ಬ ತಾಯಿ ಬಂದಿದ್ದರು. ಅವರ ಯಜಮಾನರು ಊರ ಹೊರಗಿನ ಒಂದು ನೂಲಿನ ಗಿರಣಿಯಲ್ಲಿ ಬದಲಿ ಕಾರ್ಮಿಕರು. ಮೂರನೆಯ ಪಾಳಿ ನಿಂತು ಎರಡು ತಿಂಗಳಾಯಿತು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಗೇಟಿನ ಮುಂದೆ ನಿಲ್ಲುವುದು, ಹೆಸರು ಕೂಗದಿದ್ದರೆ ಅದೇ ಬುತ್ತಿಯನ್ನು ಮನೆಗೆ ತಂದು ಉಣ್ಣುವುದು, ಇದೇ ಅವರ ದಿನಚರಿ. ಆದರೆ ಆ ತಾಯಿ ಕೇಳಲು ಬಂದದ್ದು ಗಂಡನ ವಿಚಾರವನ್ನಲ್ಲ. ಮಗ ಹತ್ತನೆಯ ತರಗತಿ ಪಾಸಾಗಿದ್ದಾನೆ. "ಮೇಷ್ಟ್ರೇ, ಹುಡುಗನ್ನ ಯಾವ ಕೆಲಸಕ್ಕೆ ಹಾಕಿದ್ರೆ ಇಂಥಾ ಮುಗ್ಗಟ್ಟು ಬಂದ್ರೂ ಅನ್ನಕ್ಕೆ ತೊಂದ್ರೆ ಆಗಂಗಿಲ್ಲ, ಅದನ್ನ ಹೇಳ್ರಿ" ಎಂದರು. ನಾವು ಪಾಠ ಹೇಳುವುದನ್ನು ಬಿಟ್ಟು ಪಕ್ಷದ ಕೆಲಸಕ್ಕೆ ಬಂದು ವರ್ಷಗಳಾದರೂ ಊರಿನವರಿಗೆ ನಾವು ಇನ್ನೂ ಮೇಷ್ಟ್ರೇ. ಮೇಷ್ಟ್ರಾದವನು ಪ್ರಶ್ನೆಗೆ ಉತ್ತರ ಹೇಳಬೇಕು.

ಸಮಾಜವಾದ ಬಂದ ಮೇಲೆ ಎಲ್ಲವೂ ಸರಿಹೋಗುತ್ತದೆ, ಅಲ್ಲಿಯವರೆಗೆ ತಾಳಿಕೊಳ್ಳಿ ಎಂದು ಹೇಳಿ ಕಳಿಸುವುದು ಸುಲಭ. ನಮ್ಮಲ್ಲಿ ಕೆಲವರು ಹಾಗೆ ಹೇಳುವುದೂ ಉಂಟು. ಆದರೆ ಹುಡುಗ ಅರ್ಜಿ ಹಾಕಬೇಕಾದದ್ದು ಈ ತಿಂಗಳು. ಆದ್ದರಿಂದ ನಮಗೆ ತಿಳಿದಷ್ಟನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತೇವೆ. ಇದೇ ಪ್ರಶ್ನೆ ನಮ್ಮ ಗಿರಣಿ ಕಾರ್ಮಿಕರ ಕೇರಿಗಳಲ್ಲಿ ಮನೆಮನೆಯಲ್ಲೂ ಇದೆ; ಅಂಗಡಿ ಇಟ್ಟುಕೊಂಡ ನಮ್ಮ ವಾಚಕರ ಮನಸ್ಸಿನಲ್ಲೂ ಇದೆ.

ಮೊದಲು ಮುಗ್ಗಟ್ಟೆಂದರೆ ಏನೆಂಬುದನ್ನು ತಿಳಿಯಬೇಕು. ಬರಗಾಲದಲ್ಲಿ ಪದಾರ್ಥವಿರುವುದಿಲ್ಲ. ಮುಗ್ಗಟ್ಟಿನಲ್ಲಿ ಪದಾರ್ಥ ಗೋದಾಮಿನಲ್ಲಿ ಕೊಳೆಯುತ್ತಿರುತ್ತದೆ, ಕೊಳ್ಳುವವನ ಜೇಬಿನಲ್ಲಿ ಕಾಸಿರುವುದಿಲ್ಲ. ಕೊಳ್ಳುವವನು ನಿಲ್ಲಿಸಿದರೆ ಬಟ್ಟೆ ಅಂಗಡಿಯವರು ಮಾಲು ತರಿಸುವುದಿಲ್ಲ. ಅವರು ತರಿಸದಿದ್ದರೆ ಗಿರಣಿಯ ನೂಲು ರಾಶಿ ಬೀಳುತ್ತದೆ. ನೂಲು ರಾಶಿ ಬಿದ್ದರೆ ಮಾಲೀಕರು ಪಾಳಿ ನಿಲ್ಲಿಸುತ್ತಾರೆ. ಪಾಳಿ ನಿಂತರೆ ಬಟವಾಡೆ ಇಲ್ಲ. ಬಟವಾಡೆ ಇಲ್ಲದವನು ಮತ್ತೆ ಬಟ್ಟೆ ಕೊಳ್ಳುವುದಿಲ್ಲ. ಗಾಣದೆತ್ತಿನ ಸುತ್ತಿನಂತೆ ಇದು ತಿರುಗುತ್ತಿರುತ್ತದೆ.

ಇಂಥ ಕಾಲದಲ್ಲಿ ಒಂದು ಬಡ ಸಂಸಾರ ಯಾವುದನ್ನು ಮೊದಲು ಬಿಡುತ್ತದೆ? ಹೊಸ ಬಟ್ಟೆಯನ್ನು ಬಿಡುತ್ತದೆ. ಮನೆಗೆ ಹೆಂಚು ಹೊದಿಸುವುದನ್ನು ಬಿಡುತ್ತದೆ. ಮದುವೆಯನ್ನು ಮುಂದಿನ ವರ್ಷಕ್ಕೆ ಹಾಕುತ್ತದೆ, ಗಾಡಿ ಕೊಳ್ಳುವ ಮಾತೇ ಇಲ್ಲ. ಆದರೆ ಅಕ್ಕಿ, ಜೋಳ, ಉಪ್ಪು, ಎಣ್ಣೆಯನ್ನು ಮುಂದಿನ ವರ್ಷಕ್ಕೆ ಹಾಕಲಾಗುವುದಿಲ್ಲ. ಮಗುವಿಗೆ ಜ್ವರ ಬಂದರೆ ಕಾಯಲಾಗುವುದಿಲ್ಲ. ಹೆರಿಗೆ ನಿಲ್ಲುವುದಿಲ್ಲ, ಸಾವೂ ನಿಲ್ಲುವುದಿಲ್ಲ. ಊರಿನ ಕಸ ದಿನವೂ ಬೀಳುತ್ತದೆ. ನಲ್ಲಿಯಲ್ಲಿ ನೀರು, ಬೀದಿಯಲ್ಲಿ ದೀಪ ಬೇಕೇ ಬೇಕು. ಮುಂದಕ್ಕೆ ಹಾಕಲಾಗದ ಅಗತ್ಯಕ್ಕೆ ಅಂಟಿಕೊಂಡ ಕೆಲಸ ನಿಲ್ಲುತ್ತದೆ, ಮುಂದಕ್ಕೆ ಹಾಕಬಹುದಾದ ಅಗತ್ಯಕ್ಕೆ ಅಂಟಿಕೊಂಡ ಕೆಲಸ ಬೀಳುತ್ತದೆ. ನಮ್ಮ ದುರದೃಷ್ಟಕ್ಕೆ ಬಟ್ಟೆ ಎರಡನೆಯ ಜಾತಿಯದು. ಹರಿದ ಅಂಗಿಗೆ ತೇಪೆ ಹಾಕಿ ಒಂದು ವರ್ಷ ತಳ್ಳಬಹುದು.

ಇದು ನಮ್ಮ ಊಹೆಯಲ್ಲ. 2020ರ ಮಾರ್ಚ್ 25ರಂದು ದೇಶಕ್ಕೆಲ್ಲ ಬೀಗ ಹಾಕಿದ ಮೇಲೆ ಏಪ್ರಿಲಿನಿಂದ ಜೂನಿನವರೆಗಿನ ಮೂರು ತಿಂಗಳ ಲೆಕ್ಕವನ್ನು ಕೇಂದ್ರ ಸರ್ಕಾರದವರೇ ಆ ವರ್ಷದ ಆಗಸ್ಟ್ ಕೊನೆಯಲ್ಲಿ ಪ್ರಕಟಿಸಿದರು. ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದರೆ ದೇಶದ ಒಟ್ಟು ಉತ್ಪನ್ನ ನೂರಕ್ಕೆ ಸುಮಾರು 24 ಕುಸಿದಿತ್ತು. ಕಟ್ಟಡದ ಕೆಲಸ ಅರ್ಧಕ್ಕೆ ಇಳಿದಿತ್ತು. ವ್ಯಾಪಾರ, ಹೋಟೆಲು, ಸಾರಿಗೆ ಇವೆಲ್ಲ ಸೇರಿ ನೂರಕ್ಕೆ 47, ಕಾರ್ಖಾನೆಗಳ ಉತ್ಪನ್ನ ನೂರಕ್ಕೆ 39 ಇಳಿದಿದ್ದವು. ಇಳಿಯದೆ ನೂರಕ್ಕೆ 3ರಷ್ಟು ಏರಿದ್ದು ಬೇಸಾಯ ಒಂದೇ.

ಅಮೆರಿಕದಲ್ಲಿ 2008ರ ಸೆಪ್ಟೆಂಬರಿನಲ್ಲಿ ಲೇಮನ್ ಬ್ರದರ್ಸ್ ಎಂಬ ದೊಡ್ಡ ಲೇವಾದೇವಿ ಸಂಸ್ಥೆ ಮುಳುಗಿದ ಸುತ್ತಮುತ್ತಲ ಎರಡು ವರ್ಷಗಳಲ್ಲಿ ಸುಮಾರು 87 ಲಕ್ಷ ಉದ್ಯೋಗಗಳು ಹೋದವು. ಹೆಚ್ಚು ಪೆಟ್ಟು ತಿಂದದ್ದು ಮನೆ ಕಟ್ಟುವವರು ಮತ್ತು ಕಾರ್ಖಾನೆಯವರು. ಆಸ್ಪತ್ರೆ, ದಾದಿಯರ ಕೆಲಸ, ಮುದುಕರ ಶುಶ್ರೂಷೆ ಈ ವಿಭಾಗದಲ್ಲಿ ಮಾತ್ರ ಆ ಕಾಲದಲ್ಲೂ ಕೆಲಸಗಾರರ ಸಂಖ್ಯೆ ಹೆಚ್ಚುತ್ತಲೇ ಹೋಯಿತು. ಅಲ್ಲಿಯ ಮುಗ್ಗಟ್ಟು ಸಮುದ್ರ ದಾಟಿ ಬಂದದ್ದು ಹೇಗೆಂಬುದನ್ನು ಸೂರತ್ತಿನ ವಜ್ರ ಉಜ್ಜುವವರನ್ನು ಕೇಳಬೇಕು. ನ್ಯೂಯಾರ್ಕಿನಲ್ಲಿ ಉಂಗುರ ಕೊಳ್ಳುವವರಿಲ್ಲದೆ 2008ರ ದೀಪಾವಳಿ ಕಳೆಯುತ್ತಿದ್ದಂತೆ ಸೂರತ್ತಿನ ಸಾವಿರಾರು ಕುಶಲ ಕೈಗಳು ಹಳ್ಳಿಗೆ ಹಿಂತಿರುಗಿದವು. ಅವರ ಕೈಚಳಕದಲ್ಲಿ ಯಾವ ದೋಷವೂ ಇರಲಿಲ್ಲ.

ಇನ್ನೂ ಹಿಂದಕ್ಕೆ ಹೋಗೋಣ. 1929ರಲ್ಲಿ ಆರಂಭವಾದ ಮಹಾ ಮುಗ್ಗಟ್ಟಿನಲ್ಲಿ ನಮ್ಮ ರೈತರ ಮಾಲಿನ ಬೆಲೆ ಅರ್ಧದಷ್ಟಕ್ಕೆ ಬಿತ್ತು. ಹಳೆಯ ಮೈಸೂರು ಸಂಸ್ಥಾನದಲ್ಲಿ ರೇಷ್ಮೆ ಬೆಳೆಯುವವರು ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆಯ ಮುಂದೆ ನಿಲ್ಲಲಾರದೆ ಹೋದರು. ಆದರೆ ಅದೇ ಸಂಸ್ಥಾನದ ಇನ್ನೊಂದು ಮೂಲೆಯಲ್ಲಿ, ಕೋಲಾರದ ಚಿನ್ನದ ಗಣಿಯಲ್ಲಿ, ಕೆಲಸ ನಿಲ್ಲಲಿಲ್ಲ. 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನವನ್ನು ಕೈಬಿಟ್ಟ ಮೇಲೆ ಚಿನ್ನದ ಬೆಲೆ ಏರಿತು. ಹತ್ತಿ ಬಿದ್ದಾಗ, ಶೇಂಗಾ ಬಿದ್ದಾಗ, ರೇಷ್ಮೆ ಬಿದ್ದಾಗ ಚಿನ್ನವೊಂದು ಎದ್ದಿತು. ಆ ದಿನಗಳಲ್ಲಿ ಯಾರಾದರೂ ಒಬ್ಬ ತಂದೆ ಬಂದು ನಮ್ಮನ್ನು ಕೇಳಿದ್ದರೆ ಮಗನನ್ನು ಕೋಲಾರಕ್ಕೆ ಕಳಿಸಿ ಎಂದೇ ನಾವೂ ಹೇಳುತ್ತಿದ್ದೆವು. ಆ ಮಾತು ಒಂದು ತಲೆಮಾರಿಗೆ ನಿಜವಾಗುತ್ತಿತ್ತು, ಎರಡನೆಯ ತಲೆಮಾರಿಗೂ ಹೇಗೋ ನಡೆಯುತ್ತಿತ್ತು. 2001ರ ಫೆಬ್ರವರಿ 28ರಂದು ಆ ಗಣಿಗೂ ಬೀಗ ಬಿತ್ತು. ಗಣಿಯ ಕಾಲೋನಿಗಳ ಮಕ್ಕಳು ನಸುಕಿನಲ್ಲೇ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗುವವರಾದರು.

ಅದೇ ಮಹಾ ಮುಗ್ಗಟ್ಟಿನ ನಡುವೆ, 1933ರಲ್ಲಿ, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು ಎಂಬುದನ್ನು ಇಲ್ಲಿ ನೆನೆಯಬೇಕು. ಲೋಕವೆಲ್ಲ ಕಾರ್ಖಾನೆ ಮುಚ್ಚುತ್ತಿದ್ದಾಗ ಅಲ್ಲಿ ತೆರೆದದ್ದು ಹೇಗೆ? ಕನ್ನಂಬಾಡಿಯ ನೀರು ನಾಲೆಯಲ್ಲಿ ಬಂದಿತ್ತು, ಹೊರಗಿನ ಸಕ್ಕರೆಯ ಮೇಲೆ 1932ರಲ್ಲಿ ರಕ್ಷಣಾ ಸುಂಕ ಬಿದ್ದಿತ್ತು, ಸಂಸ್ಥಾನದ ಸರ್ಕಾರ ಬಂಡವಾಳ ಹಾಕಿತ್ತು. ಮಂಡ್ಯದ ರೈತನ ಮಗನಿಗೆ ಕೆಲಸ ಸಿಕ್ಕಿದ್ದು ಅವನು ಜಾಣತನದಿಂದ ಒಳ್ಳೆಯ ಕಸುಬನ್ನು ಆರಿಸಿಕೊಂಡದ್ದರಿಂದಲ್ಲ, ನಾಲೆ ತೋಡಿದ್ದರಿಂದ. ಮಹಾರಾಜರ ಆಳ್ವಿಕೆಯನ್ನು ಹೊಗಳುವ ಚಟ ನಮಗಿಲ್ಲವೆಂಬುದು ವಾಚಕರಿಗೆ ಗೊತ್ತಿದೆ. ಆದರೆ ಆದದ್ದನ್ನು ಆಗಿದೆಯೆಂದೇ ಹೇಳಬೇಕಷ್ಟೆ.

ಇದರ ತಿರುವುಮುರುವೂ ನಮ್ಮ ದೇಶದಲ್ಲಿ ನಡೆದಿದೆ. 1965 ಮತ್ತು 1966, ಒಂದರ ಹಿಂದೊಂದು ಎರಡು ವರ್ಷ ಮಳೆ ಕೈಕೊಟ್ಟಿತು. 1966ರ ಜೂನಿನಲ್ಲಿ ರೂಪಾಯಿಯ ಬೆಲೆ ಇಳಿಸಿದರು. ನಾಲ್ಕನೆಯ ಯೋಜನೆಯನ್ನು 1969ರವರೆಗೆ ಮುಂದಕ್ಕೆ ಹಾಕಿದರು, ಸರ್ಕಾರದ ಖರ್ಚು ಕಡಿಮೆಯಾಯಿತು. ರೈಲ್ವೆಯವರು ವ್ಯಾಗನ್ನುಗಳ ಬೇಡಿಕೆ ತಗ್ಗಿಸಿದ ಕೂಡಲೇ ಕಬ್ಬಿಣದ ಕಾರ್ಖಾನೆಗಳಲ್ಲಿ ಕೆಲಸಗಾರರನ್ನು ಹೊರಗೆ ಹಾಕಿದರು. ಫಿಟ್ಟರು, ಟರ್ನರು ಎಂದರೆ ಎಂದೂ ಕೆಲಸ ತಪ್ಪದ ಕಸುಬು ಎಂದು ಹೇಳುತ್ತಿದ್ದ ಕಾಲವದು. ಹತ್ತಿ ಗಿರಣಿಗಳಿಗೂ ಅದೇ ಏಟು ತಗಲಿತು. 1968ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಜವಳಿ ನಿಗಮವನ್ನು ಕಟ್ಟಬೇಕಾಯಿತು. 1974ರ ಕಾಯಿದೆಯಲ್ಲಿ ರಾಷ್ಟ್ರೀಕರಣವಾದ 103 ರೋಗಗ್ರಸ್ತ ಗಿರಣಿಗಳ ಪಟ್ಟಿಯಲ್ಲಿ ನಮ್ಮ ದಾವಣಗೆರೆಯ ಪಕ್ಕದ ತೋಳಹುಣಸೆಯ ಯಲ್ಲಮ್ಮ ಮಿಲ್ಲೂ ಇತ್ತು.

ದಾವಣಗೆರೆಯ ಮಾತು ಬಂದಿತಲ್ಲ, ಅದನ್ನು ಪೂರ್ತಿ ಹೇಳಿಬಿಡೋಣ. 1936ರಲ್ಲಿ ಇಲ್ಲಿ ಮೊದಲ ಹತ್ತಿ ಗಿರಣಿ ಎದ್ದ ಮೇಲೆ ಒಂದರ ಹಿಂದೊಂದು ಗಿರಣಿ ಬಂದು ಈ ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಾಯಿತು. ಗಿರಣಿಯಲ್ಲಿ ಕೆಲಸವಿದೆಯೆಂದರೆ ಹೆಣ್ಣು ಕೊಡಲು ಯಾರೂ ಹಿಂದೆಮುಂದೆ ನೋಡದಿದ್ದ ಕಾಲ ಅದು ಎಂದು ನಮ್ಮ ಹಿರಿಯರು ಈಗಲೂ ಹೇಳುತ್ತಾರೆ. ಆಮೇಲೆ ಆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಮುಚ್ಚಿದ ಗಿರಣಿಯಲ್ಲಿ ಕೊನೆಯವರೆಗೆ ಕೆಲಸ ಉಳಿದದ್ದು ಯಾರಿಗೆ? ಮೂವತ್ತು ವರ್ಷ ನೂಲು ತೆಗೆದವರಿಗಲ್ಲ, ಜಾಬರುಗಳಿಗಲ್ಲ, ಗುಮಾಸ್ತರಿಗೂ ಅಲ್ಲ. ಗೇಟು ಕಾಯುವವನಿಗೆ! ನಿಂತ ಯಂತ್ರಕ್ಕೂ ಕಾವಲು ಬೇಕಲ್ಲ.

ನಗುವ ಮಾತಾದರೂ ಇದರಲ್ಲಿ ಒಂದು ವಿಷಯವಿದೆ. ಗಿರಣಿಯೊಳಗೆ ಎರಡು ಬಗೆಯ ಕಸುಬುಗಳುಂಟು. ಒಂದು, ಗೇಟಿನ ಹೊರಗೆ ಬಂದ ಕೂಡಲೇ ಬೆಲೆ ಕಳೆದುಕೊಳ್ಳುವುದು. ಎಂಟು ಗಂಟೆ ನಿಂತು ಕಡಿದ ಎಳೆಯನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗಂಟು ಹಾಕುವ ಹೆಣ್ಣುಮಗಳ ಬೆರಳಿನ ಚುರುಕು ಸಣ್ಣದಲ್ಲ. ಆದರೆ ಆ ಯಂತ್ರ ಮಾಲೀಕರದು. ಯಂತ್ರವಿಲ್ಲದೆ ಆ ಚುರುಕನ್ನು ಕೊಳ್ಳುವವರು ಬೀದಿಯಲ್ಲಿ ಯಾರೂ ಇಲ್ಲ. ಇನ್ನೊಂದು, ಕೈಯಲ್ಲಿ ಒಂದು ಚೀಲ ಹಿಡಿದು ಹೊರಗೆ ಬರಬಲ್ಲ ಕಸುಬು. ಎಲೆಕ್ಟ್ರಿಷಿಯನ್ನನಿಗೆ, ಫಿಟ್ಟರಿಗೆ, ವೆಲ್ಡರಿಗೆ, ಪರವಾನಗಿ ಪಡೆದ ಬಾಯ್ಲರ್ ಕೆಲಸಗಾರನಿಗೆ ಗಿರಣಿ ಮುಚ್ಚಿದರೆ ಅಕ್ಕಿ ಗಿರಣಿ ಇದೆ, ಮಂಡಕ್ಕಿ ಭಟ್ಟಿ ಇದೆ, ಆಸ್ಪತ್ರೆ ಇದೆ, ಹೊಲದ ಪಂಪುಸೆಟ್ಟು ಇದೆ. ಮುಗ್ಗಟ್ಟಿನಲ್ಲಿ ಜನ ಹೊಸದನ್ನು ಕೊಳ್ಳುವುದಿಲ್ಲ, ಹಳೆಯದನ್ನು ರಿಪೇರಿ ಮಾಡಿಸುತ್ತಾರೆ. ಸೈಕಲ್ಲು, ಮೋಟಾರು, ಮಿಕ್ಸರು, ಪಂಪು, ಮೊಬೈಲು ಯಾವುದೇ ಇರಲಿ, ರಿಪೇರಿ ಮಾಡುವವನ ಅಂಗಡಿಯ ಮುಂದೆ ಕೆಟ್ಟ ಕಾಲದಲ್ಲೇ ಹೆಚ್ಚು ಜನ. ಮಾಲೀಕನ ಯಂತ್ರದಲ್ಲಿ ಸೆರೆಯಾದ ಕಸುಬಿಗಿಂತ ಚೀಲದಲ್ಲಿ ಹಿಡಿಯುವ ಕಸುಬು ಮೇಲು; ನಮ್ಮ ಉತ್ತರದ ಮೊದಲ ಭಾಗ ಇದು.

ಆದರೆ ಇಲ್ಲಿಗೇ ನಿಲ್ಲಿಸಿದರೆ ಆ ತಾಯಿಗೆ ಅರ್ಧ ಸತ್ಯವನ್ನೇ ಹೇಳಿದಂತಾಗುತ್ತದೆ. ಕೆಲಸ ನಿಲ್ಲುವುದು ಬೇರೆ, ಕೆಲಸಗಾರ ನಿಲ್ಲುವುದು ಬೇರೆ. 2020ರಲ್ಲಿ ಆಶಾ ಕಾರ್ಯಕರ್ತೆಯರ ಕೆಲಸ ನಿಲ್ಲಲಿಲ್ಲ, ಹತ್ತರಷ್ಟು ಹೆಚ್ಚಿತು. ಮನೆಮನೆಗೆ ಹೋಗಿ ಜ್ವರದ ಲೆಕ್ಕ ಬರೆದರು. ಕೆಲವು ಕಡೆ ಬೈಸಿಕೊಂಡರು, ಹೊಡೆಸಿಕೊಂಡರು. ದೇಶವೆಲ್ಲ ಅವರಿಗೆ ಚಪ್ಪಾಳೆ ತಟ್ಟಿತು. ಅದೇ ವರ್ಷದ ಜುಲೈಯಲ್ಲಿ ನಮ್ಮ ರಾಜ್ಯದ ಆಶಾ ಸೋದರಿಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಕೆಲಸ ನಿಲ್ಲಿಸಿ ಹೋರಾಡಬೇಕಾಯಿತು. ಸಂಬಳವೆಂದು ಕರೆದರೆ ಹಕ್ಕಾಗುತ್ತದೆಂದು ಅದಕ್ಕೆ ಗೌರವಧನವೆಂದು ಹೆಸರು! ಬೀದಿ ಗುಡಿಸುವ ಪೌರಕಾರ್ಮಿಕರ ಕತೆಯೂ ಇದೇ. ಊರು ಒಂದು ದಿನವೂ ಅವರಿಲ್ಲದೆ ನಡೆಯದು, ಆದರೂ ವರ್ಷಗಟ್ಟಲೆ ಅವರನ್ನು ಗುತ್ತಿಗೆದಾರನ ಕೈಕೆಳಗೆ ಇಟ್ಟಿದ್ದರು. ಎಲ್ಲಕ್ಕಿಂತ ಅಗತ್ಯವಾದ ಕೆಲಸಕ್ಕೆ ಎಲ್ಲಕ್ಕಿಂತ ಕಡಿಮೆ ಕೂಲಿ ಎಂಬ ನಮ್ಮ ಸಮಾಜದ ಈ ಲೆಕ್ಕದ ಹಿಂದೆ ಅರ್ಥಶಾಸ್ತ್ರ ಮಾತ್ರವಲ್ಲ, ಜಾತಿಯೂ ಇದೆ, ಹೆಂಗಸಿನ ದುಡಿಮೆಯನ್ನು ದುಡಿಮೆಯೆಂದು ಎಣಿಸದ ಬುದ್ಧಿಯೂ ಇದೆ.

ನಮ್ಮ ಹಳೆಯ ಕಸುಬಿನವರ ಗತಿಯನ್ನೂ ಹೇಳಬೇಕು. ಶಾಲೆ ಮುಚ್ಚಿದ 2020-21ರಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಿಗೆ ಸಂಬಳ ಬಂತು. ಖಾಸಗಿ ಶಾಲೆಯ ಎಷ್ಟೋ ಮೇಷ್ಟ್ರುಗಳಿಗೆ ತಿಂಗಳುಗಟ್ಟಲೆ ಬಿಡಿಗಾಸು ಬರಲಿಲ್ಲ. ಒಂದೇ ಪಾಠ, ಒಂದೇ ಪದವಿ. ಬಿ.ಎಡ್. ಮಾಡಿದವರು ತರಕಾರಿ ಮಾರಿದರು, ನರೇಗಾ ಕೆಲಸಕ್ಕೆ ಗುದ್ದಲಿ ಹಿಡಿದರು. ತರಕಾರಿ ಮಾರುವುದು ಕೀಳೆಂದು ನಾವು ಹೇಳುತ್ತಿಲ್ಲ. ಆದರೆ 'ಶಿಕ್ಷಕ ವೃತ್ತಿ ಭದ್ರ' ಎಂಬ ಮಾತು ಯಾವ ಶಿಕ್ಷಕರಿಗೆ ಸಲ್ಲುತ್ತದೆಂಬುದನ್ನು ಕೇಳಿಕೊಳ್ಳಬೇಕು.

ಹಾಗಾದರೆ ಸರ್ಕಾರಿ ನೌಕರಿಯೇ ಕೊನೆಯ ಮಾತೇ? ಹೌದು ಎನ್ನುವವರೇ ಹೆಚ್ಚು. ಅದಕ್ಕಾಗಿ ಹೊಲ ಮಾರಿ ಲಂಚ ಕೊಟ್ಟವರೂ ಇದ್ದಾರೆ, ಹೊಲವೂ ಹೋಗಿ ನೌಕರಿಯೂ ಸಿಗದವರೂ ಇದ್ದಾರೆ. ಮುಗ್ಗಟ್ಟಿನಲ್ಲಿ ಸರ್ಕಾರಿ ನೌಕರಿ ಉಳಿದೆಲ್ಲಕ್ಕಿಂತ ಗಟ್ಟಿಯೆಂಬುದು ನಿಜ. ಆದರೆ ಅಲ್ಲಿಗೂ ಬಿಸಿ ತಟ್ಟದಿರುವುದಿಲ್ಲ, ತಡವಾಗಿ ತಟ್ಟುತ್ತದೆ. 2020ರ ಜನವರಿಯಿಂದ 2021ರ ಜೂನ್‌ವರೆಗೆ 18 ತಿಂಗಳ ತುಟ್ಟಿಭತ್ಯದ ಏರಿಕೆಯನ್ನು ಕೇಂದ್ರ ಸರ್ಕಾರ ತಡೆಹಿಡಿಯಿತು, ಆ ಬಾಕಿಯನ್ನು ಕೊಡಲೂ ಇಲ್ಲ. ಗ್ರೀಸ್ ದೇಶದಲ್ಲಿ 2010ರಿಂದ ಸಾಲಗಾರರ ಒತ್ತಾಯಕ್ಕೆ ಮಣಿದು ಸರ್ಕಾರಿ ನೌಕರರ ಸಂಬಳವನ್ನೇ ಕತ್ತರಿಸಿದರು. ಅಮೆರಿಕದಲ್ಲಿ 2008ರಲ್ಲಿ ಉಳಿದ ಶಾಲಾ ಮೇಷ್ಟ್ರುಗಳು 2010, 2011ರಲ್ಲಿ ತೆರಿಗೆ ವಸೂಲಿ ಕುಗ್ಗಿದಾಗ ಮನೆಗೆ ಹೋದರು. ನಮ್ಮಲ್ಲಿ ಯಾರನ್ನೂ ತೆಗೆಯುವುದಿಲ್ಲ; ನಿವೃತ್ತರಾದವರ ಜಾಗವನ್ನು ತುಂಬುವುದಿಲ್ಲ, ಅದೇ ಕೆಲಸಕ್ಕೆ ಅತಿಥಿ ಎಂದೋ ಹೊರಗುತ್ತಿಗೆ ಎಂದೋ ಹೆಸರಿಟ್ಟು ಅಗ್ಗದಲ್ಲಿ ಕರೆಯುತ್ತಾರೆ. ಮೂವತ್ತು ವರ್ಷ ಬಂದು ಹೋಗುವ ಅತಿಥಿಯನ್ನು ಲೋಕದಲ್ಲಿ ಇನ್ನೆಲ್ಲಿಯೂ ಕಾಣೆವು.

ಬೇಸಾಯ ಏರಿತೆಂದು ಮೇಲೆ ಬರೆದೆವು. ಅದನ್ನೂ ಬಿಡಿಸಿ ನೋಡಬೇಕು. ಸರ್ಕಾರದ ಸಮೀಕ್ಷೆಯ ಪ್ರಕಾರ 2018-19ರಲ್ಲಿ ದುಡಿಯುವವರಲ್ಲಿ ನೂರಕ್ಕೆ 42ರಿಂದ 43 ಜನ ಬೇಸಾಯದಲ್ಲಿದ್ದರು. 2020-21ಕ್ಕೆ ಅದು ನೂರಕ್ಕೆ 46 ದಾಟಿತು. ಎಂದರೆ ಪಟ್ಟಣದಲ್ಲಿ ಕೆಲಸ ಕಳೆದುಕೊಂಡವರು ಅಣ್ಣನ ಎರಡೆಕರೆಗೆ ಹಿಂತಿರುಗಿದರು. ಎರಡೆಕರೆ ನಾಲ್ಕೆಕರೆ ಆಗಲಿಲ್ಲ, ಉಣ್ಣುವ ಬಾಯಿ ಹೆಚ್ಚಾಯಿತು. ಲೆಕ್ಕದಲ್ಲಿ ಅವರೆಲ್ಲ ಉದ್ಯೋಗಿಗಳೇ. 1963ರಲ್ಲಿ ಲೋಕಸಭೆಯಲ್ಲಿ ಡಾ. ಲೋಹಿಯಾ ಅವರು ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದಾಗ ಸರ್ಕಾರದವರು ಇಲ್ಲ, ಸರಾಸರಿ ಹದಿನೈದಾಣೆ ಎಂದು ವಾದಿಸಿದರು. ಸರಾಸರಿಯ ಸೆರಗಿನಲ್ಲಿ ಹಸಿವನ್ನು ಮುಚ್ಚುವ ವಿದ್ಯೆ ಹಳೆಯದು.

ಇನ್ನೊಂದು ತೊಡಕನ್ನು ನಮ್ಮ ವ್ಯಾಪಾರಿ ಬಂಧುಗಳು ನಮಗಿಂತ ಚೆನ್ನಾಗಿ ಬಲ್ಲರು. ಉಳಿಯುವ ಕಸುಬೆಂದು ಗೊತ್ತಾದ ಕೂಡಲೇ ಎಲ್ಲರೂ ಅದಕ್ಕೇ ನುಗ್ಗುತ್ತಾರೆ. ಮುಂಬಯಿಯಲ್ಲಿ 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೊರಗೆ ಬಂದರು. ಅವರಲ್ಲಿ ಬಹುಮಂದಿಗೆ ಮತ್ತೆ ಗಿರಣಿಯ ಬಾಗಿಲು ತೆರೆಯಲಿಲ್ಲ. ಕಾವಲುಗಾರರಾದರು, ಗಾಡಿಯಲ್ಲಿ ತರಕಾರಿ ಮಾರಿದರು, ಟ್ಯಾಕ್ಸಿ ಹೊಡೆದರು. ನಮ್ಮ ಊರಿನಲ್ಲೂ ಗಿರಣಿಗಳು ಮುಚ್ಚಿದಾಗ ಪರಿಹಾರದ ದುಡ್ಡಿನಲ್ಲಿ ಆಟೋ ಕೊಂಡವರೆಷ್ಟು, ಚಹದ ಅಂಗಡಿ ಇಟ್ಟವರೆಷ್ಟು, ಮಂಡಕ್ಕಿ ಮಿರ್ಚಿ ಗಾಡಿ ಹಾಕಿದವರೆಷ್ಟು! ಜನ ಊಟ ಬಿಡುವುದಿಲ್ಲ, ಆದ್ದರಿಂದ ತಿಂಡಿಯ ವ್ಯಾಪಾರ ಬೀಳುವುದಿಲ್ಲ ಎಂಬುದು ಅವರ ಲೆಕ್ಕ. ಲೆಕ್ಕ ಸರಿಯೇ. ಒಂದು ಬೀದಿಗೆ ಎರಡು ಗಾಡಿ ಇದ್ದಾಗ ಸರಿ. ಹನ್ನೆರಡಾದರೆ ಹನ್ನೆರಡು ಸಂಸಾರವೂ ಅರ್ಧ ಹೊಟ್ಟೆ.

ಕಿರಾಣಿ ಅಂಗಡಿಯದೂ ಹಾಗೆಯೇ. ಅಕ್ಕಿ ಬೇಳೆ ಮಾರುವವನಿಗೆ ಮುಗ್ಗಟ್ಟಿಲ್ಲ ಎನ್ನುತ್ತಾರೆ. ಅಂಗಡಿಯ ಉದ್ರಿ ಪುಸ್ತಕವನ್ನು ತೆರೆದು ನೋಡಿದವರು ಹಾಗೆ ಹೇಳಲಾರರು. ಪಾಳಿ ನಿಂತ ಮೊದಲ ತಿಂಗಳು ಗಿರಾಕಿ ನಗದು ಕೊಡುತ್ತಾನೆ. ಎರಡನೆಯ ತಿಂಗಳು ಬರೆದುಕೊಳ್ಳಿ ಎನ್ನುತ್ತಾನೆ. ಮೂರನೆಯ ತಿಂಗಳು ಆ ಬೀದಿಯಲ್ಲಿ ಬರುವುದನ್ನೇ ಬಿಟ್ಟು ಸುತ್ತುಹಾಕಿ ಹೋಗುತ್ತಾನೆ. ಅಂಗಡಿಯವನು ಮಂಡಿಯಲ್ಲಿ ದಲಾಲರಿಗೆ ಕೊಡಬೇಕಾದ ಬಾಕಿ ಮಾತ್ರ ಹಾಗೆಯೇ ನಿಂತಿರುತ್ತದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳನ್ನು ರದ್ದು ಮಾಡಿದಾಗ ಚಲಾವಣೆಯ ಹಣದಲ್ಲಿ ನೂರಕ್ಕೆ 86 ಭಾಗ ಒಂದೇ ಏಟಿಗೆ ಕಾಗದವಾಯಿತು. ಅಂದು ಹಮಾಲರಿಗೆ ಕೂಲಿ ಕೊಡಲು ಮಂಡಿಯಲ್ಲಿ ಚಿಲ್ಲರೆ ಇರಲಿಲ್ಲ, ಹಮಾಲರಿಲ್ಲದೆ ಮಾಲು ಇಳಿಯಲಿಲ್ಲ. 2020ರಲ್ಲಿ ಬೀದಿ ವ್ಯಾಪಾರಿಗಳಿಗೆ ಕೇಂದ್ರದವರು ತೋರಿದ ದಯೆ 10,000 ರೂಪಾಯಿಯ ಸಾಲ. ಗಿರಾಕಿಯ ಕೈಯಲ್ಲಿ ಕಾಸಿಲ್ಲದಾಗ ವ್ಯಾಪಾರಿಗೆ ಸಾಲ ಕೊಟ್ಟರೆ ಅವನು ಯಾರಿಗೆ ಮಾರಬೇಕು? ಗಿರಣಿಯ ಕೂಲಿ ಏರಿದರೆ ಊರಿಗೆ ತೊಂದರೆಯೆಂದು ಮಾತನಾಡುವ ಕೆಲವು ಅಂಗಡಿಕಾರ ಮಿತ್ರರು ನಮ್ಮಲ್ಲಿದ್ದಾರೆ. ಅವರು ತಮ್ಮ ಗಲ್ಲಾಪೆಟ್ಟಿಗೆಯನ್ನೇ ಕೇಳಲಿ: ತಿಂಗಳಿನಲ್ಲಿ ಅದು ತುಂಬುವ ದಿನ ಯಾವುದು? ಬಟವಾಡೆಯ ಮಾರನೆಯ ದಿನವಲ್ಲವೇ?

ಆದ್ದರಿಂದ ಯಾವ ಕಸುಬು ಉಳಿಯುತ್ತದೆ ಎಂಬುದರ ಜೊತೆಗೇ, ಕೆಲಸ ಹೋದವನನ್ನು ಯಾವುದು ಉಳಿಸುತ್ತದೆ ಎಂಬುದನ್ನೂ ಕೇಳಬೇಕು. 2020-21ರಲ್ಲಿ ಹಳ್ಳಿಗೆ ಹಿಂತಿರುಗಿದವರನ್ನು ಉಳಿಸಿದ್ದು 2005ರ ಉದ್ಯೋಗ ಖಾತರಿ ಕಾಯಿದೆ. ಆ ಒಂದು ವರ್ಷದಲ್ಲಿ ಅದರಡಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ನಡೆಯಿತು. ಆದರೆ ಅದು ಹಳ್ಳಿಗೆ ಮಾತ್ರ. ಗಿರಣಿ ಕಾರ್ಮಿಕನಿಗೆ, ಹಮಾಲನಿಗೆ, ಪಟ್ಟಣದ ಗಾರೆ ಕೆಲಸದವನಿಗೆ ಅದರ ಬಾಗಿಲು ಇರಲಿಲ್ಲ. ಕೇರಳದವರು 2010ರಲ್ಲಿ ಅಯ್ಯಂಕಾಳಿಯವರ ಹೆಸರಿನಲ್ಲಿ, ರಾಜಸ್ಥಾನದವರು 2022ರಲ್ಲಿ, ಪಟ್ಟಣಗಳಿಗೂ ಇಂಥ ಯೋಜನೆಯನ್ನು ತಂದರು. ನಮ್ಮ ಊರಿನ ಚರಂಡಿ, ಕೆರೆಯ ಹೂಳು, ಶಾಲೆಯ ಗೋಡೆ ಇವುಗಳನ್ನು ನೋಡಿದರೆ ಇಲ್ಲಿ ಮಾಡುವ ಕೆಲಸಕ್ಕೆ ಬರವಿದೆಯೆಂದು ಯಾರೂ ಹೇಳಲಾರರು. ಪಟ್ಟಣದ ಉದ್ಯೋಗ ಖಾತರಿ ನಮ್ಮ ರಾಜ್ಯಕ್ಕೂ ಬೇಕೆಂದು ನಾವು ಒತ್ತಾಯಿಸುತ್ತೇವೆ. ಈ ಒತ್ತಾಯದ ಅರ್ಜಿಗೆ ಅಂಗಡಿಕಾರರೂ ಸಹಿ ಹಾಕಬೇಕೆಂದು ಕೇಳುತ್ತೇವೆ, ಏಕೆಂದರೆ ಆ ಕೂಲಿ ಕೊನೆಗೆ ಬಂದು ಬೀಳುವುದು ಅವರ ಗಲ್ಲಾಪೆಟ್ಟಿಗೆಗೇ.

ಈಗಾಗಲೇ ಕಾನೂನಿನಲ್ಲಿರುವುದನ್ನು ಎಷ್ಟು ಜನ ಬಲ್ಲರು? ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸತತ ಸೇವೆ ಮಾಡಿದವರನ್ನು ಕೆಲಸವಿಲ್ಲವೆಂದು ಕೂರಿಸಿದರೆ ಮೂಲ ವೇತನ ಮತ್ತು ತುಟ್ಟಿಭತ್ಯದ ಅರ್ಧವನ್ನು ಕೊಡಬೇಕೆಂಬುದು 1953ರಲ್ಲಿ ಕೈಗಾರಿಕಾ ವಿವಾದ ಕಾಯಿದೆಗೆ ಸೇರಿದ ನಿಯಮ. ವರ್ಷಕ್ಕೆ 240 ದಿನ ದುಡಿದಿದ್ದರೆ ಅದು ಒಂದು ವರ್ಷದ ಸೇವೆಯೇ. ಹಾಗೆ ಒಂದು ವರ್ಷ ಪೂರೈಸಿದ ಬದಲಿ ಕಾರ್ಮಿಕ ಈ ಪರಿಹಾರದ ಮಟ್ಟಿಗೆ ಬದಲಿ ಅಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಆದರೆ ಸರ್ಕಾರದ ಅನುಮತಿಯಿಲ್ಲದೆ ಕೆಲಸಗಾರರನ್ನು ಕೂರಿಸಬಾರದು, ತೆಗೆಯಬಾರದು, ಕಾರ್ಖಾನೆ ಮುಚ್ಚಬಾರದು ಎಂಬ ರಕ್ಷಣೆ ಹಿಂದೆ 100 ಜನರಿದ್ದ ಕಾರ್ಖಾನೆಗೆ ಇದ್ದದ್ದು ಈಗ 300 ಜನರಿದ್ದರೆ ಮಾತ್ರ. ನಮ್ಮ ಜಿಲ್ಲೆಯ ಎಷ್ಟು ಕಾರ್ಖಾನೆಗಳಲ್ಲಿ 300 ಜನರಿದ್ದಾರೆ ಎಂಬುದನ್ನು ವಾಚಕರೇ ಎಣಿಸಬಹುದು.

ಇ.ಎಸ್.ಐ. ಚೀಟಿ ಇದ್ದವರಿಗಾಗಿ 2018ರಲ್ಲಿ ಅಟಲ್ ಹೆಸರಿನ ನಿರುದ್ಯೋಗ ಪರಿಹಾರ ಯೋಜನೆ ಆರಂಭವಾಯಿತು. ಮೊದಲು ಕೂಲಿಯ ನಾಲ್ಕನೆಯ ಒಂದು ಭಾಗವಿದ್ದದ್ದನ್ನು 2020ರಲ್ಲಿ ಅರ್ಧಕ್ಕೆ ಏರಿಸಿದರು. 90 ದಿನಗಳ ಮಿತಿ. ಇದನ್ನು ಕೇಳಿ ಪಡೆದವರು ನಮ್ಮ ಕೇರಿಗಳಲ್ಲಿ ಎಷ್ಟು ಮಂದಿ? ಬೆರಳಿನಲ್ಲಿ ಎಣಿಸುವಷ್ಟು. ಕೇಳದೆ ಕೊಡುವ ಕಚೇರಿಯನ್ನು ನಾವಂತೂ ನೋಡಿಲ್ಲ. ಕೇಳಿದರೆ ಏನಾಗುತ್ತದೆಂಬುದನ್ನು 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ತೋರಿಸಿದರು. ಭವಿಷ್ಯನಿಧಿಯ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯಬಾರದು ಎಂಬ ಆಜ್ಞೆ ಹೊರಟಿತ್ತು. ಕೆಲಸ ಹೋದಾಗ ತಮ್ಮ ಸಂಸಾರಕ್ಕೆ ಇರುವ ಗಂಟು ಅದೊಂದೇ ಎಂಬುದನ್ನು ಬಲ್ಲ ಆ ಹೆಂಗಸರು ಯಾವ ದೊಡ್ಡ ನಾಯಕರ ಕರೆಗೂ ಕಾಯದೆ ಹೆದ್ದಾರಿಗೆ ಇಳಿದರು. ಎರಡು ದಿನಗಳಲ್ಲಿ ದೆಹಲಿಯವರು ಆಜ್ಞೆಯನ್ನು ಹಿಂದಕ್ಕೆ ತೆಗೆದುಕೊಂಡರು. ಲಾಠಿಯ ಏಟು ಬಿದ್ದದ್ದೂ ಅವರ ಮೇಲೆಯೇ ಎಂಬುದನ್ನು ಮರೆಯಬಾರದು.

ಆ ತಾಯಿಗೆ ನಾವು ಕೊಟ್ಟ ಉತ್ತರ ಇಷ್ಟು. ಹುಡುಗನಿಗೆ ಮನಸ್ಸಿದ್ದರೆ ಸರ್ಕಾರಿ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ಅಥವಾ ಫಿಟ್ಟರ್ ಎರಡು ವರ್ಷ ಕಲಿಯಲಿ. ಲಕ್ಷ ಕೇಳುವ ಖಾಸಗಿ ಕಾಲೇಜಿಗೆಂದು ಮನೆಯ ಜಾಗ ಅಡವಿಡಬೇಡಿ. ಮುಗ್ಗಟ್ಟು ಬಂದಾಗ ಮೊದಲು ಮುಳುಗಿಸುವುದು ಸಾಲ. ಅವನ ತಂಗಿ ಓದಿನಲ್ಲಿ ಚುರುಕು ಎಂದರು. ಆಕೆಗೆ ದಾದಿಯ ತರಬೇತಿಯನ್ನು ಈಗಿನಿಂದಲೇ ಮನಸ್ಸಿನಲ್ಲಿಡಿ, ಹೆಣ್ಣೆಂದು ಎಸ್.ಎಸ್.ಎಲ್.ಸಿ.ಗೆ ನಿಲ್ಲಿಸಬೇಡಿ ಎಂದೆವು. ಆಮೇಲೆ ಯಜಮಾನರ ಹಾಜರಿ ಚೀಟಿಗಳನ್ನು ಕೇಳಿದೆವು. ಮಾರನೆಯ ದಿನ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಕೊಂಡು ತಂದರು. ಇಬ್ಬರೂ ಕೂತು ಎಣಿಸಿದೆವು. ಕಳೆದ ಹನ್ನೆರಡು ತಿಂಗಳಲ್ಲಿ 251 ದಿನ. ಬದಲಿ ಎಂದು ಬರಿಗೈಯಲ್ಲಿ ಗೇಟಿನಿಂದ ಕಳಿಸುತ್ತಿದ್ದವರು ಈ ಎರಡು ತಿಂಗಳ ಅರ್ಧ ಕೂಲಿಗೆ ಉತ್ತರ ಹೇಳಬೇಕಾಗುತ್ತದೆ. ಕಾರ್ಮಿಕ ಅಧಿಕಾರಿಗಳ ಕಚೇರಿಗೆ ಅರ್ಜಿ ಬರೆದಿದ್ದೇವೆ, ಸೋಮವಾರ ಅವರೊಂದಿಗೆ ನಾವೂ ಹೋಗುತ್ತಿದ್ದೇವೆ. ಅದೇ ಗೇಟಿನ ಮುಂದೆ ನಿಲ್ಲುವ ಉಳಿದ ಬದಲಿ ಬಂಧುಗಳು ತಮ್ಮ ಚೀಟಿಗಳನ್ನು ಭಾನುವಾರ ಸಂಜೆಯೊಳಗೆ ನಮ್ಮ ಕಚೇರಿಗೆ ತರಬೇಕು. ಚೀಟಿ ಕಳೆದುಹೋದವರು ಇ.ಎಸ್.ಐ. ಮತ್ತು ಭವಿಷ್ಯನಿಧಿಯ ನಂಬರನ್ನಾದರೂ ತರಲಿ, ಅದರಿಂದಲೂ ದಿನಗಳ ಲೆಕ್ಕ ಹಿಡಿಯಲು ಬರುತ್ತದೆ.